ಟೆನಿಸ್ ಚಾಂಪಿಯನ್ನನ ಪಂಚಾಯ್ತಿ

ಮೊನ್ನೆ ಪಾಂಡವಪುರದ ಬಸ್ ನಿಲ್ದಾಣದ ಬಳಿ ಬೋಂಡಾ ಕಟ್ಟಿಸಿಕೊಂಡೆ. ತಿಂದಾದ ಮೇಲೆ ಕಾಗದ ಬಿಡಿಸಿ ಓದುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ನನ್ನ ಪಾಂಡಿತ್ಯದಲ್ಲಿ ಅರ್ಧ ಬೋಂಡಾ ಕಾಗದದ್ದೇ. ಅದರಲ್ಲಿ ಈಗಿನ ಟೆನಿಸ್ ಚಾಂಪಿಯನ್ನನ ಮುಖವಿತ್ತು. ಕೆಳಗೆ ‘ಸಾರ್ವಕಾಲಿಕ ಶ್ರೇಷ್ಠ ಇವನೇ?’ ಎಂಬ ಪ್ರಶ್ನೆ. ಉತ್ತರವಿದ್ದ ಭಾಗ ಎಣ್ಣೆ ಕುಡಿದಿತ್ತು. ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ಒಮ್ಮೆ ಉತ್ತರ ಹೇಳಲು ಹೋಗಿ ನಾನು ಗೆಳೆಯನನ್ನು ಕಳೆದುಕೊಂಡವನು.

ತೊಂಬತ್ತರ ದಶಕ. ನನ್ನ ಸಹಪಾಠಿ ರಹಮತ್ ಶ್ರೀರಂಗಪಟ್ಟಣದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ. ನಾನು ಪಾಂಡವಪುರದಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ, ಆದ್ದರಿಂದ ಎಲ್ಲ ವಿಷಯದಲ್ಲೂ ನನ್ನದೇ ಕೊನೆಯ ಮಾತು. ಇಬ್ಬರಿಗೂ ಸ್ವಂತ ಟಿ.ವಿ. ಇರಲಿಲ್ಲ, ರಿಪೇರಿಗೆ ಬಂದದ್ದೇ ನಮ್ಮದು. ಹೊಣಕೆರೆಯ ಮೇಷ್ಟ್ರೊಬ್ಬರ ಸೆಟ್ಟು ಟೆನಿಸ್ ಟೂರ್ನಿ ಶುರುವಾಗುವ ಹೊತ್ತಿಗೆ ಸರಿಯಾಗಿ ಕೆಟ್ಟಿತು. ಎರಡೇ ದಿನದಲ್ಲಿ ರಿಪೇರಿಯೂ ಆಯಿತು. ಆದರೂ ಮೇಷ್ಟ್ರು ಬಂದಾಗಲೆಲ್ಲ ರಹಮತ್ ಕೈಕಟ್ಟಿ, ‘ಪಾರ್ಟು ಬೆಂಗ್ಳೂರಿಂದ ಬರ್ಬೇಕು ಸಾರ್’ ಎನ್ನುತ್ತಿದ್ದ. ಫೈನಲ್ ಮುಗಿದ ಮರುದಿನ ಪಾರ್ಟು ಬಂತು.

ಆ ಕಪ್ಪು ಬಿಳುಪು ಪರದೆಯಲ್ಲಿ ಚೆಂಡು ಕಾಣುತ್ತಲೇ ಇರಲಿಲ್ಲ. ಪ್ರೇಕ್ಷಕರ ಕತ್ತು ತಿರುಗಿದ ಕಡೆ ಚೆಂಡು ಹೋಯಿತೆಂದು ತಿಳಿಯುತ್ತಿದ್ದೆವು. ಇಷ್ಟು ಸಾಕ್ಷ್ಯದ ಮೇಲೆ ನಾನು ಆಗಿನ ಚಾಂಪಿಯನ್ನೇ ಭೂಮಿ ಹುಟ್ಟಿದಾಗಿನಿಂದ ಶ್ರೇಷ್ಠ ಎಂದು ಸಾರಿಬಿಟ್ಟೆ. ರಹಮತನ ಪ್ರಕಾರ ಶ್ರೇಷ್ಠ ಯಾರೆಂದರೆ, ಮರದ ಬ್ಯಾಟಿನ ಕಾಲದ ಒಬ್ಬ ಆಟಗಾರ. ಅವನ ಆಟವನ್ನು ಇವನು ಕಂಡೇ ಇರಲಿಲ್ಲ. ಇವನ ಅಬ್ಬಾ ಯಾವುದೋ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ ಪಟವೊಂದು ಅಂಗಡಿಯ ಗೋಡೆಯಲ್ಲಿತ್ತು, ಅಷ್ಟೆ.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು, ‘ಸತ್ತೋರು ಅಂಟ್ಸಿದ್ ಪಟ ನೋಡ್ಕೊಂಡು ನ್ಯಾಯ ಏಳ್ಬೇಡ ಕಣ್ಲಾ’ ಎಂದೆ. ಅವನ ಅಬ್ಬಾ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ರಹಮತ್ ಟಿ.ವಿ. ಆರಿಸಿ, ‘ನಡಿ ಆಚೆಗೆ’ ಎಂದ.

ಮೂರು ತಿಂಗಳು ಮಾತಿಲ್ಲ. ಅಮ್ಮ ದೊಡ್ಡಪ್ಪನ ಕಿವಿಗೆ ಹಾಕಿದಳು. ಊರಿನ ಬದುವಿನ ಜಗಳ, ನೀರಿನ ಜಗಳಕ್ಕೆಲ್ಲ ಅರಳೀಕಟ್ಟೆಯಲ್ಲಿ ಕೂತು ನ್ಯಾಯ ಹೇಳುತ್ತಿದ್ದವರು ದೊಡ್ಡಪ್ಪನೇ. ಇಬ್ಬರನ್ನೂ ಕರೆಸಿದರು. ರಹಮತ್ ಬರಲಾರ ಎಂದುಕೊಂಡಿದ್ದೆ, ನನಗಿಂತ ಮೊದಲೇ ಬಂದಿದ್ದ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತ ವಿಚಾರಿಸಿದರು.

‘ಆ ಹಳಬ, ಈ ಹೊಸಬ, ಇಬ್ರೂ ಎದ್ರಾಬದ್ರಾ ಆಡವ್ರಾ?’

‘ಇಲ್ಲ’ ಎಂದೆವು ಇಬ್ಬರೂ.

‘ಒಂದೇ ನೊಗಕ್ಕೆ ಕಟ್ದೆ ಯಾವ ಎತ್ತು ಮೇಲು ಅಂತ ಎಂಗ್ಲಾ ಏಳದು? ಎರಡು ಕಡೆಯೋರೂ ಇಲ್ದೆ ನ್ಯಾಯ ಇಲ್ಲ. ಅವರ್ನ ಕರ್ಕಬನ್ನಿ, ನೋಡವ.’ ಆಮೇಲೆ ನನ್ನ ಕಡೆ ತಿರುಗಿದರು. ‘ಚೆಂಡಿನ್ ಮಾತು ಬುಡು. ಅವರಪ್ಪನ್ನ ಎಳ್ದಿದ್ದು ತಪ್ಪು. ತಗೊ ಈ ಎಲೆ ಅಡಿಕೆ, ಅವನ ಕೈಗೆ ಕೊಡು.’

ಕೊಟ್ಟರೆ ತಪ್ಪೊಪ್ಪಿಗೆ, ತೆಗೆದುಕೊಂಡರೆ ಮಾಫಿ. ಅಷ್ಟೇ ಕೆಲಸ. ನಾನೇನು ಮಾಡಿದೆ ಗೊತ್ತೇ? ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಸೈಕಲ್ ಹತ್ತಿದೆ. ಜನ್ಮದಲ್ಲಿ ಟೆನಿಸ್ ಬ್ಯಾಟು ಮುಟ್ಟದವನ ಠೇಂಕಾರ ಅದು. ತಿರುಗಿ ನೋಡಿದಾಗ ರಹಮತನ ಕೈ ಅರ್ಧ ಚಾಚಿಕೊಂಡೇ ಇತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನನ್ನ ಚಾಂಪಿಯನ್ನನನ್ನು ಆಮೇಲೆ ಇನ್ನೊಬ್ಬ ಮೀರಿಸಿದ, ಅವನನ್ನು ಮತ್ತೊಬ್ಬ. ಸಾರ್ವಕಾಲಿಕ ಶ್ರೇಷ್ಠತೆಯ ಅವಧಿ ಗ್ರಾಮ ಪಂಚಾಯ್ತಿ ಸದಸ್ಯನ ಅವಧಿಗಿಂತ ಬಹಳ ಹೆಚ್ಚೇನಲ್ಲ. ಅಂಥದ್ದಕ್ಕಾಗಿ ನಾನು ಇಷ್ಟು ವರ್ಷ ರಹಮತನ ಕಣ್ಣಿಗೆ ಬೀಳದಂತೆ ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿಯದೆ, ಮೊದಲೇ ಬಾಬುರಾಯನಕೊಪ್ಪಲಿನಲ್ಲಿ ಇಳಿದು ನಡೆದಿದ್ದೇನೆ.

ಎಣ್ಣೆ ಕಾಗದ ಮಡಿಸಿ ಜೇಬಿಗಿಟ್ಟೆ. ಪರಿಚಯದವರಿಂದ ನಂಬರು ಕೇಳಿ ಫೋನ್ ಮಾಡಿ, ಹೆಸರು ಹೇಳಿದೆ. ‘ರಹಮತ್, ಅವತ್ತು ನಂದೇ ತಪ್ಪು ಕಣ್ಲಾ.’

‘ಯಾವ್ದು? ಚೆಂಡಿಂದಾ, ಅಬ್ಬಾದಾ?’

‘ಅಬ್ಬಾದು. ಚೆಂಡಿಂದು ಈಗ್ಲೂ ನಂದೇ ಸರಿ.’

‘ಫೋನಲ್ಲಿ ಮಾಫಿ ನಡ್ಯಕಿಲ್ಲ. ಎರಡು ಕಡೆಯೋರೂ ಇರ್ಬೇಕು. ಎಲೆ ಅಡಿಕೆ ತಗಂಡ್ ಬಾ.’

ಬೋಂಡಾದವನ ಪಕ್ಕದಲ್ಲೇ ಎಲೆ ಮಾರುವಾಕೆ ಕೂತಿದ್ದಳು. ಒಂದು ಕಟ್ಟು ಎಲೆ, ಅಡಿಕೆ ಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲಿಡಲಿಲ್ಲ, ಶ್ರೀರಂಗಪಟ್ಟಣದವರೆಗೂ ಕೈಯಲ್ಲೇ ಹಿಡಿದುಕೊಂಡೆ.