ಒಂದೇ ಮನೆಗೆ ಒಂಬತ್ತು ಸೆಕೆಂಡು

ಗಡಿಯಾರ ರಿಪೇರಿಯವನಿಗೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ, ಕಂಪ್ಯೂಟರಿನಲ್ಲಿ ಕಳ್ಳರು ಜಾಸ್ತಿ. ಆನ್‌ಲೈನ್ ಚೆಸ್ ಕ್ಲಬ್ಬೊಂದರಲ್ಲಿ ನಡೆ ಹೇಳಿಕೊಡುವ ಚೆಸ್ ಯಂತ್ರವನ್ನು ಕದ್ದು ಕೇಳಿ ಆಡುವವರನ್ನು ಹಿಡಿಯುವ ಕೆಲಸವನ್ನು ಅವನು ಬಿಟ್ಟಿಯಾಗಿ ಮಾಡುತ್ತಿದ್ದ. ಅದರಲ್ಲಿ ಎತ್ತಿದ ಕೈ. ನಡೆ ಎಷ್ಟು ಚೆನ್ನಾಗಿದೆ ಎಂದು ಉಳಿದವರು ನೋಡಿದರೆ, ಇವನು ನಡೆಗೆ ಹಿಡಿದ ಹೊತ್ತು ನೋಡುತ್ತಿದ್ದ. ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ!

ಆ ಬೆಳಿಗ್ಗೆ ಸಿಕ್ಕಿದವನು ಅಡ್ಡಹೆಸರಿನ ಯಾರೋ ಆಟಗಾರ. ರಾಜನಿಗೆ ಚೆಕ್ ಬಿದ್ದು, ಸರಿಯಲು ಒಂದೇ ಒಂದು ಮನೆ ಉಳಿದಾಗ ಚೆಸ್ ಬಲ್ಲ ಯಾರೂ ಯೋಚಿಸುತ್ತಾ ಕೂರುವುದಿಲ್ಲ. ಈ ಆಸಾಮಿ ಅಲ್ಲೂ ಒಂಬತ್ತು ಸೆಕೆಂಡು ಕೂತಿದ್ದ, ಉಳಿದೆಲ್ಲ ನಡೆಗೆ ಕೂತ ಹಾಗೆಯೇ. ಅಂದರೆ ಆಡುತ್ತಿರುವ ಕೈಗೆ ಆಟವೇ ಗೊತ್ತಿಲ್ಲ, ಪ್ರತಿ ನಡೆಗೂ ಯಂತ್ರವನ್ನೇ ಕೇಳುತ್ತಿದೆ! ರಿಪೇರಿಯವನು ಮುಲಾಜಿಲ್ಲದೆ ಖಾತೆ ಮುಚ್ಚಿಸಿದ.

ಮಧ್ಯಾಹ್ನ ಅಕ್ಕನ ಫೋನ್ ಬಂತು.

"ನಿಮ್ ಭಾವನ್ನ ಚೆಸ್ಸಿಂದ ಹೊರಗೆ ಹಾಕ್ಬಿಟ್ಟಿದಾರೆ ಕಣೋ. ಮೋಸಗಾರ ಅಂತೆ. ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ."

ಬೆಳಿಗ್ಗೆ ತಾನು ಮುಚ್ಚಿಸಿದ ಖಾತೆ ಭಾವನದೇ! ಅವನಿಗೆ ಚೆಸ್ ಕಲಿಸಿದ್ದೇ ಭಾವ. ಮುಟ್ಟಿದ ಕಾಯಿ ನಡೆಸಲೇಬೇಕು ಎಂದು ಚಿಕ್ಕ ಭಾಮೈದನನ್ನು ಅಳಿಸಿದ್ದ ಮನುಷ್ಯ. ಈಗ ಪಾರ್ಶ್ವವಾಯು ಬಡಿದು ಬಲಗೈ ಬಿದ್ದಿದೆ. ಅವರು ಹೇಳಿದ ನಡೆಯನ್ನು ಅಕ್ಕ ಪರದೆಯ ಮೇಲೆ ಒತ್ತುತ್ತಾಳೆ.

"ಅಕ್ಕಾ, ನಿಜ ಹೇಳು. ಆಡ್ತಿದ್ದಿದ್ದು ಯಾರು?"

ಅವಳು ಅಡುಗೆಮನೆಗೆ ಹೋಗಿ ದನಿ ತಗ್ಗಿಸಿದಳು. "ಕಾಯಿಲೆ ಬಿದ್ಮೇಲೆ ಸೋತಿದ್ದೇ ಸೋತಿದ್ದು. ಸೋತ್ರೆ ಮಗು ಥರ ಅಳ್ತಾರೆ. ಪ್ರತಿ ನಡೆಗೂ ಕುದುರೆನಾ ಆನೆನಾ ಅಂತ ತಡವರಿಸೋವಾಗ ನಾನು ಮೊಬೈಲಲ್ಲಿ ಯಂತ್ರ ಹೇಳಿದ್ದು ನೋಡಿ, 'ಕುದುರೆ ಅಂದ್ರಲ್ಲಾ ಈಗ' ಅಂತಿದ್ದೆ. ಹೂಂ ಅಂತಿದ್ರು. ಅವ್ರಿಗೇನೂ ಗೊತ್ತಿಲ್ಲ ಕಣೋ."

ಅಷ್ಟರಲ್ಲಿ ಭಾವ ಒಳಗಿನಿಂದ ಕೂಗಿ ಫೋನ್ ಕೇಳಿದರು. ಮಾತು ಇನ್ನೂ ತೊದಲುತ್ತಿತ್ತು.

"ನೀನೇ ನನ್ನಾಟ ನೋಡು. ನೀನು ಮೋಸ ಅಂದ್ರೆ ಒಪ್ತೀನಿ."

ಬಾಯಲ್ಲಿ ಬಿಸಿತುಪ್ಪ. ನಿಜ ಹೇಳಿದರೆ ಭಾವನ ಗೆಲುವುಗಳ ಜೊತೆ ಹೆಂಡತಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಖಾತೆ ತೆರೆಸಿದರೆ ಎದುರಾಡಿ ಸೋತವರಿಗೆ ಅನ್ಯಾಯ.

"ಆ ಕ್ಲಬ್ಬಿನವ್ರದ್ದೇ ಏನೋ ತಪ್ಪಾಗಿದೆ, ಭಾವ. ಅವ್ರ ಸಹವಾಸಾನೇ ಬೇಡ ಬಿಡಿ. ದಿನಾ ಸಂಜೆ ನಾನೇ ಬಂದು ಆಡ್ತೀನಿ."

ಭಾವನಿಗೆ ಅವನು ಸುಳ್ಳು ಹೇಳಿದ್ದು ಅದೇ ಮೊದಲು.



"ನೀನು ಬೇಡಪ್ಪ," ಎಂದರು ಭಾವ. "ನೀನು ಬೇಕಂತಲೇ ಸೋಲ್ತೀಯ. ಗುರುತಿಲ್ಲದವ್ರನ್ನ ಗೆದ್ರೇನೇ ಅದು ನನ್ನ ಗೆಲುವು."