ಬೆಲ್ಲಕ್ಕ ಇಳೀಲಾರದ ಧೂಳ

ವಾಡಿ ಊರಿನ ಸಿಮೆಂಟ್ ಕಾರ್ಖಾನಿಯೊಳಗ ಚೀಲ ಹೊರೋದ್ರಾಗ ನನ್ನ ಸರಿಸಮ ಯಾರೂ ಇರಲಿಲ್ಲ. ಎರಡೆರಡು ಹೊತ್ತು ಓಡತಿದ್ದೆ. ಒಂದಿನ ಧೂಳ ಎಳಿಯೋ ಮಷಿನ್ ಕೆಟ್ಟು, ಎದುರಿನ ಮನುಷ್ಯಾ ಕಾಣಲಾರದಷ್ಟು ಧೂಳ ತುಂಬಿತು. ಮಧ್ಯಾಹ್ನಕ್ಕ ಎದಿ ಬಿಗೀತು, ಎಡಗೈ ಜಡ ಆಯ್ತು.

“ಬೆಲ್ಲ ತಿನ್ನು ಕಾಕಾ, ಗಂಟಲದಾಗಿನ ಧೂಳ ಇಳೀತದ,” ಅಂದ ಜೊತಿಗಿನ ಹಮಾಲ ಮಹಬೂಬ. ದಿನಾ ನಾವೆಲ್ಲಾ ಹಂಗೇ ಮಾಡತಿದ್ದೆವು. ಮುಷ್ಟಿ ಬೆಲ್ಲ ತಿಂದೆ. ನೋವು ಇಳೀಲಿಲ್ಲ, ಬೆವರು ಇಳೀತು. ಅಂವ ಗಾಬರಿಯಾಗಿ ದವಾಖಾನಿಗೆ ಒಯ್ದ.

ಡಾಕ್ಟರ್ ಎದಿ ಪರೀಕ್ಷೆ ಮಾಡಿ, “ಇದು ಗಂಟಲದ್ದಲ್ಲ, ಹೃದಯದ್ದು. ಇಂಥಾ ಧೂಳ ಒಂದೇ ದಿನ ಕುಡಿದ್ರೂ ಸಾಕು, ಹೃದಯಕ್ಕ ಹೊಡೀತದ,” ಅಂದ್ರು.

“ನಾ ಎಂಥಾ ಗಟ್ಟಿ ಆಳು ಗೊತ್ತದೇನ್ರಿ, ಸಾಹೇಬ್ರ?”

“ಬದುಕಬೇಕಂದ್ರ ಬಾಯಿ ಮುಚ್ಚಿ ಮಲಗ್ರಿ.”

ಅಂಜಿ, ಬೆಳಗಾಗೂತನಕ ತುಟಿ ಬಿಚ್ಚಲಿಲ್ಲ. ಚಿಂಚೋಳಿ ಅಡವ್ಯಾಗ ನಾ ಹುಲಿ ಕಿವಿ ಹಿಂಡಿದ್ದನ್ನ ಊರೆಲ್ಲಾ ನಂಬತದ. ಅವತ್ತು ಸುಮ್ಮನಿದ್ದೆ ಅಂದ್ರ ಮಾತ್ರ ಯಾರೂ ನಂಬವಲ್ರು.