ಮಾನ್ವಿಯಿಂದ ಬಂದ ಸೋಫಾ, ರಾಯಚೂರಿನ ಬಡಗಿ

ಜಹೀರುದ್ದೀನ್ ರಾಯಚೂರಿನಲ್ಲಿ ನಮ್ಮ ಓಣಿಯ ಬಡಗಿ. ಹೊರಸು, ಬಾಗಿಲು, ಚೌಕಟ್ಟು ಅವನ ನಿತ್ಯದ ಕೆಲಸ. ಸಿಡುಕ. ಅಳತೆ ತಪ್ಪಿದರೆ ಗಿರಾಕಿಯ ಎದುರೇ ತನ್ನನ್ನು ತಾನು ಬೈದುಕೊಳ್ಳುತ್ತಿದ್ದ. ಮಾಡಿ ಮುಗಿಸಿದ ಸಾಮಾನಿನ ಅಡಿಭಾಗದಲ್ಲಿ ಉಳಿಯಿಂದ ತನ್ನ ಹೆಸರು, ಇಸವಿ ಕೊರೆಯುತ್ತಿದ್ದ.

೧೯೭೬ರಲ್ಲಿ ಮಾನ್ವಿಯ ಹಳೆಯ ಜಾಗೀರದಾರರ ಮನೆಯಿಂದ ಅವನ ಅಂಗಡಿಗೆ ಒಂದು ಸೋಫಾ ಬಂತು. ನಿಜಾಮರ ಕಾಲದಲ್ಲಿ ಫ್ರಾನ್ಸಿನಿಂದ ತರಿಸಿದ್ದಂತೆ. ಮರಕ್ಕೆ ಕೆನೆಬಣ್ಣ, ಬೆನ್ನಿನುದ್ದಕ್ಕೂ ಕೆತ್ತಿದ ಗುಲಾಬಿ ಬಳ್ಳಿ, ಎಲೆಗಳಿಗೆ ಮಾಸಿದ ನೀಲಿ. ಮುಂದಿನ ಎಡಗಾಲನ್ನು ಗೆದ್ದಲು ತಿಂದಿತ್ತು.

"ಇಂಥಾ ಕಾಲು ನಾ ಎಂದೂ ಕೆತ್ತಿಲ್ಲರೀ," ಎಂದ.

"ಕುಂಟ ಸೋಫಾ ಯಾರು ತೊಗೋತಾರ? ನೀವು ಮಾಡಿ ನೋಡ್ರಿ," ಎಂದಳು ಆ ಮನೆಯ ಮಹಬೂಬೀ.

ಎರಡು ಕಾಲು ಕೆಟ್ಟು ಒಲೆ ಸೇರಿದವು. ಮೂರನೆಯದು ಕುದುರಿತು. ಆದರೆ ಡಬ್ಬಿಯ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ. ಹೆಂಡತಿ ಸುಗ್ರಾ ಬೇಗಂ ಸೀಮೆಸುಣ್ಣದ ಪುಡಿ, ಮರದ ಅಂಟು, ಚಹಾದ ನೀರು ಕಲಸಿ ಕಲಸಿ ಕೊನೆಗೆ ಅದೇ ಕೆನೆಬಣ್ಣ ತಂದಳು.

ಕೊಳ್ಳಲು ಹೈದರಾಬಾದಿನ ವ್ಯಾಪಾರಿ ಬಂದ. ಹೊಸ ಕಾಲು ಯಾವುದೆಂದು ಬಗ್ಗಿ, ತಟ್ಟಿ ನೋಡಿ, ಬಲಗಾಲನ್ನು ತೋರಿಸಿದ.

"ಅದಲ್ಲ ಸಾಬ್, ಇದು," ಎಂದ ಜಹೀರುದ್ದೀನ್.

ವ್ಯಾಪಾರಿ ಸೋಫಾದ ಜೊತೆ ಅವನನ್ನೂ ಕರೆದುಕೊಂಡು ಹೋದ.

ಹೈದರಾಬಾದಿನಲ್ಲಿ ಎಂಟು ತಿಂಗಳಲ್ಲಿ ಅಂಥವೇ ನಾಲ್ಕು ಹೊಸ ಸೋಫಾ ಮಾಡಿದ. ಒಂದು ದಿನ ವ್ಯಾಪಾರಿ ಅವುಗಳಲ್ಲೊಂದನ್ನು ನೂರು ವರ್ಷ ಹಳೆಯದೆಂದು ಗಿರಾಕಿಗೆ ಹೇಳುವುದು ಕಿವಿಗೆ ಬಿತ್ತು. ಅಂದೇ ವ್ಯಾಪಾರಿ ಆ ಸೋಫಾ ಬೋರಲು ಹಾಕಿಸಿ ಅಡಿಯ ಹೆಸರು ನೋಡಿದ.

"ಉಜ್ಜಿ ಹಾಕು ಇದನ್ನ."

"ಮಾಡಿದಾವ ನಾನು. ಹೆಸರು ಇರಲಿ."

"ಹಂಗಾದ್ರ ನೀನು ಬ್ಯಾಡ."

ಜಹೀರುದ್ದೀನ್ ಹತಾರ ಕಟ್ಟಿಕೊಂಡು ರೈಲು ಹತ್ತಿದ.

ಕೆಲಸ ಬಿಟ್ಟು ಬಂದದ್ದಕ್ಕೆ ಸುಗ್ರಾ ಬೇಗಂಗೆ ಸಿಟ್ಟು ಬಂತು. ಮೂರನೆಯ ದಿನ, "ತೊಟ್ಟಿಲು ಮಾಡು. ಬಣ್ಣ ನಾ ಹಚ್ತೀನಿ," ಎಂದಳು.

ಹೂಬಳ್ಳಿ ಕೆತ್ತಿ ಬಣ್ಣ ಹಚ್ಚಿದ ಆ ತೊಟ್ಟಿಲುಗಳನ್ನು ಸುತ್ತಲಿನ ಜಾಲಹಳ್ಳಿ, ಕಲ್ಮಲದವರೆಲ್ಲ ಬಸ್ಸಿನ ಮೇಲೆ ಕಟ್ಟಿಸಿಕೊಂಡು ಒಯ್ಯತೊಡಗಿದರು. ಜನ "ಸುಗ್ರಾಬೀ ತೊಟ್ಟಿಲು" ಎಂದು ಕೇಳಿಕೊಂಡು ಬಂದಾಗ ಅವನ ಮುಖ ಸ್ವಲ್ಪ ದಪ್ಪಗಾಗುತ್ತಿತ್ತು. ಆದರೂ ಒಳಗೆ ತಿರುಗಿ ಅವಳನ್ನೇ ಕೂಗುತ್ತಿದ್ದ.

೧೯೮೪ರಲ್ಲಿ ಮಸರಕಲ್ಲಿನ ಬಸ್ಸಮ್ಮ ಅವಳಿ ಮೊಮ್ಮಕ್ಕಳಿಗೆ ಒಂದೇ ತೊಟ್ಟಿಲು ಬೇಕೆಂದಳು. ಅಗಲ ಎಷ್ಟಿರಬೇಕೆಂದು ಗಂಡ ಹೆಂಡತಿ ಇಡೀ ದಿನ ಜಗಳಾಡಿದರು. ತೊಟ್ಟಿಲು ಸಿದ್ಧವಾದಾಗ ಕಂಡಕ್ಟರ್ ನೋಡಿ, "ಇಷ್ಟು ದೊಡ್ಡದು ಜಾರಿ ಬೀಳತೈತಿ," ಎಂದ.

"ನಾ ಹಿಡಕೊಂಡು ಕೂಡ್ತೀನಿ ತೊಗೊಳ್ರಿ," ಎಂದು ಜಹೀರುದ್ದೀನ್ ಏಣಿ ಹತ್ತಿದ. ಮಸರಕಲ್ಲಿನವರೆಗೂ ಬಸ್ಸಿನ ಮೇಲೆಯೇ ಕೂತು ಹೋದ.